ಉಟ್ಟು ಸವೆದ ಸೀರೆಯ ಎರಡನೇ ಬಾಳು

ಇಳಕಲ್ ಸೀರೆಗೆ ಇತಿಹಾಸವಿದೆ. ಗುಳೇದಗುಡ್ಡದ ಖಣಕ್ಕೂ ಇದೆ. ನೂಲು ಎಲ್ಲಿಂದ ಬಂತು, ಬಣ್ಣ ಯಾರು ಕಟ್ಟಿದರು, ನೇಕಾರನಿಗೆ ಎಷ್ಟು ದಕ್ಕಿತು ಎಂದು ವಿಚಾರಿಸಿ ಬರೆದಿಟ್ಟವರಿದ್ದಾರೆ. ಆದರೆ ಅದೇ ಸೀರೆಯನ್ನು ಹತ್ತಾರು ವರ್ಷ ಉಟ್ಟು, ಒಗೆದು, ಬಣ್ಣ ಮಾಸಿ, ಸೆರಗು ಹರಿದ ಮೇಲೆ ಅದು ಏನಾಯಿತು ಎಂದು ಕೇಳಿದವರು ಕಡಿಮೆ. ಕೇಳಿದ್ದರೆ ಉತ್ತರ ಕರ್ನಾಟಕದ ಯಾವ ಮನೆಯ ಅಜ್ಜಿಯಾದರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು: ಅದು ಕೌದಿಯಾಯಿತು.

ಕೌದಿ, ಕವದಿ, ಕವುದಿ ಎಂದು ಊರಿಗೊಂದು ಉಚ್ಚಾರ. ಹಳಗನ್ನಡದ ಕಾಲದಿಂದ ಬಂದ ಇನ್ನೊಂದು ಮಾತು ಬೊಂತೆ. ಸಂಸ್ಕೃತದಲ್ಲಿ ಕಂಥಾ. ಮರಾಠಿಯವರು ಗೋಧಡಿ ಎನ್ನುತ್ತಾರೆ, ಬಂಗಾಳದವರು ಕಾಂಥಾ, ಬಿಹಾರದವರು ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಕಡೆಯವರು ರಲ್ಲಿ. ಹೆಸರು ಬೇರೆ, ಹೊಲಿಗೆಯ ವಿನ್ಯಾಸ ಬೇರೆ. ಮೂಲ ತತ್ವ ಒಂದೇ. ಸವೆದ ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಸೂಜಿ ದಾರದಿಂದ ಬಿಗಿದು, ಮತ್ತೊಬ್ಬರಿಗೆ ಹೊದಿಸುವುದು.

ಮತ್ತೊಬ್ಬರಿಗೆ ಎಂಬ ಮಾತು ಇಲ್ಲಿ ಮುಖ್ಯ. ಕೌದಿಯ ಇತಿಹಾಸವೇಕೆ ಸಿಗುವುದಿಲ್ಲ ಎಂಬುದಕ್ಕೂ ಅದರಲ್ಲೇ ಉತ್ತರವಿದೆ.

ಹೊಲಿಯುವ ಬಗೆ

ಸಾಮಗ್ರಿ ಹೆಚ್ಚೇನಿಲ್ಲ. ಹಳೆಯ ಸೀರೆ, ಧೋತರ, ಅಂಗಿ-ಕುಪ್ಪಸದ ತುಂಡುಗಳು, ಉದ್ದನೆಯ ಸೂಜಿ, ದಪ್ಪ ದಾರ. ಒಗೆದು ಒಣಗಿಸಿದ ಸೀರೆಯನ್ನು ಪಡಸಾಲೆಯಲ್ಲೋ ಅಂಗಳದಲ್ಲೋ ಸುಕ್ಕಿಲ್ಲದಂತೆ ಹಾಸುತ್ತಾರೆ. ಅದರ ಮೇಲೆ ಪದರ ಪದರವಾಗಿ ಹಳೆ ಬಟ್ಟೆ ಹರಡುತ್ತಾರೆ. ತೀರ ಬಣ್ಣಗೆಟ್ಟದ್ದು ಒಳಗೆ. ಗಟ್ಟಿಯಾಗಿ ಉಳಿದ ಅಂಚು, ಸೆರಗು, ಖಣದ ಚೂರು ಮೇಲೆ. ಕೂಸಿಗಾದರೆ ತೆಳುವಾಗಿ, ಹಾಸಲಿಕ್ಕಾದರೆ ದಪ್ಪವಾಗಿ. ಆಮೇಲೆ ಅಂಚಿನಿಂದ ಒಳಮುಖವಾಗಿ ಸುತ್ತು ಸುತ್ತಾಗಿ ಹೊಲಿಗೆ ಸಾಗುತ್ತದೆ. ಸೂಜಿ ಮುಳುಗಿ ಏಳುವ ಸಾದಾ ಹೊಲಿಗೆಯೇ, ಬೇರೆ ಕಸೂತಿಯ ಚಮತ್ಕಾರವೇನಿಲ್ಲ. ಆದರೆ ದೊಡ್ಡ ಕೌದಿಯೊಂದಕ್ಕೆ ಅಂಥ ಹೊಲಿಗೆ ಸಾವಿರಗಟ್ಟಲೆ ಬೀಳಬೇಕು. ಆದ್ದರಿಂದ ನಾಲ್ಕು ಅಂಚಿಗೆ ನಾಲ್ವರು ಕೂರುವುದು ವಾಡಿಕೆ. ಸುಗ್ಗಿ ಮುಗಿದ ಮೇಲೆ, ಮಳೆ ಬೀಳುವ ಮುಂಚೆ ಸಿಗುವ ಬಿಡುವಿನ ಮಧ್ಯಾಹ್ನಗಳು ಇದಕ್ಕೇ ಮೀಸಲು. ಮನೆಯವರಿಗೆ ಪುರಸತ್ತಿಲ್ಲದಿದ್ದರೆ ಊರಿಂದೂರಿಗೆ ತಿರುಗುವ ಅಲೆಮಾರಿ ಸಮುದಾಯಗಳ ಹೆಂಗಸರು ಬಂದು ಹೊಲಿದು ಕೊಡುತ್ತಿದ್ದರು. ಕೂಲಿ ಎಂದರೆ ಜೋಳ, ರೊಟ್ಟಿ, ಒಂದಿಷ್ಟು ಹಣ.

ಕೊನೆಯ ಸುತ್ತು ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರನ್ನೋ ನಾಲ್ಕು ಕಾಳನ್ನೋ ಇಡುವ ರೂಢಿ ಕೆಲವರಲ್ಲಿದೆ. ಹೊದೆಯುವವರ ಹೊಟ್ಟೆ ತುಂಬಿರಬೇಕಾದರೆ ಮೊದಲು ಕೌದಿಯ ಹೊಟ್ಟೆ ತುಂಬಬೇಕಲ್ಲ!

ಕೌದಿಗೆ ಎರೆಭೂಮಿಯೇ ತವರಾದದ್ದಕ್ಕೆ ಕಾರಣ ಸರಳ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರುಗಳ ಕಪ್ಪು ನೆಲ ಹತ್ತಿ ಬೆಳೆಯುವ ನೆಲ. ಅಲ್ಲಿಯವರು ಉಟ್ಟದ್ದೂ ಬಹುಮಟ್ಟಿಗೆ ಹತ್ತಿಯೇ. ಹತ್ತಿಬಟ್ಟೆಗೆ ಒಂದು ವಿಶೇಷ ಗುಣವಿದೆ: ಸವೆದಷ್ಟೂ ಮೆತ್ತಗಾಗುತ್ತದೆ. ಚಳಿಗೆ ಕುರುಬರು ನೇಯ್ದ ಕಂಬಳಿ ಉತ್ತಮವೆಂಬುದು ನಿಜ. ಆದರೆ ಕಂಬಳಿಯನ್ನು ಕೊಳ್ಳಬೇಕು. ಕೌದಿಗೆ ಬೇಕಾದದ್ದು ಮನೆಯ ಗಂಟಿನಲ್ಲೇ ಇರುತ್ತಿತ್ತು.

ಯಾರಿಗೆ?

ಮೊದಲ ಹಕ್ಕು ಹುಟ್ಟುವ ಕೂಸಿನದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ತಾಯಿ, ಅಜ್ಜಿ, ಸೋದರತ್ತೆಯರು ಸೇರಿ ತೊಟ್ಟಿಲಿಗೆ ಬೇಕಾದ ಪುಟ್ಟ ಕೌದಿಗಳನ್ನು ಹೊಲಿದಿಡುತ್ತಿದ್ದರು. ಹಸುಗೂಸಿಗೆ ಹೊಸ ಬಟ್ಟೆ ಆಗದು, ಹಿರಿಯರು ಉಟ್ಟದ್ದೇ ಆಗಬೇಕು ಎಂಬ ನಂಬಿಕೆ ಭಾರತದ ಹಲವು ಭಾಗಗಳಲ್ಲಿದೆ. ಹಳೆ ಬಟ್ಟೆ ದೃಷ್ಟಿ ತಡೆಯುತ್ತದೆ ಎಂಬುದು ನಂಬಿಕೆಯ ಮಾತು. ಎಳೆಯ ಚರ್ಮಕ್ಕೆ ಗಂಜಿ ಹಾಕಿದ ಹೊಸ ಬಟ್ಟೆ ಒರಟಾಗುತ್ತದೆ ಎಂಬುದು ಅನುಭವದ ಮಾತು. ಬಿಹಾರದ ಸುಜನಿಯ ಹಿಂದೆಯೂ ಇದೇ ವಿಚಾರ ಇದೆ. ಅಲ್ಲಿ ಚಿಂದಿಗಳಿಗೇ ಚಿತಿರಿಯಾ ಮಾ ಎಂಬ ಒಬ್ಬ ದೇವತೆಯನ್ನು ಕಲ್ಪಿಸಿದ್ದಾರೆ.

ತೊಟ್ಟಿಲ ಕಾರ್ಯಕ್ಕೆ ಬರುವ ಬಂಧುಗಳು ತರುವ ಕುಂಚಿಗೆ, ಕುಲಾಯಿಗಳೂ ಇದೇ ಸಾಲಿನವು. ಖಣದ ಬಟ್ಟೆಯಲ್ಲಿ ಹೊಲಿದು, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು, ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆಯಲ್ಲಿ ಹೊಲಿದವಳ ಕೈ ಗುರುತು ಹತ್ತುವಂತಿರುತ್ತಿತ್ತು. ಆದರೆ ಕುಂಚಿಗೆ ಕಾರ್ಯದ ದಿನದ ಅಲಂಕಾರ. ಕೌದಿ ದಿನನಿತ್ಯದ್ದು. ಕೂಸು ಒದ್ದೆ ಮಾಡಿದ್ದು, ಅಂಬೆಗಾಲಿಟ್ಟದ್ದು, ಜ್ವರದಲ್ಲಿ ಮಲಗಿದ್ದು ಎಲ್ಲ ಅದರ ಮೇಲೆಯೇ.

ಹಾಗೆಯೇ ತೀರಿಕೊಂಡ ಹಿರಿಯಳ ಸೀರೆಗಳು. ಉಡಲು ಮನಸ್ಸು ಬಾರದ, ಎಸೆಯಲೂ ಮನಸ್ಸು ಬಾರದ ಆ ಸೀರೆಗಳು ಕೌದಿಯೊಳಗೆ ಸೇರಿ ಮೊಮ್ಮಕ್ಕಳ ಮೈಮೇಲೆ ಬರುತ್ತಿದ್ದವು. ‘ಅವ್ವನ ಸೀರಿ’ ಎಂದು ಬೆರಳಿಟ್ಟು ತೋರಿಸಲು ಒಂದು ತುಂಡು ಸಿಗುತ್ತಿತ್ತು. ಕೌದಿ ಹಳೆಯದಾಗಿ ಹರಿದರೆ ಅದನ್ನೂ ಎಸೆಯುತ್ತಿರಲಿಲ್ಲ. ಅದರ ಮೇಲೂ ಕೆಳಗೂ ಮತ್ತೊಂದು ಸೀರೆ ಇಟ್ಟು ಹೊಲಿದರೆ ಹಳೆಯ ಕೌದಿ ಹೊಸದರ ಒಳಪದರ. ಕೊನೆಗೆ ಕಾಲೊರಸು, ಎತ್ತಿನ ಬೆನ್ನಿನ ಹೊದಿಕೆ, ನೆಲ ಒರೆಸುವ ಅರಿವೆ. ಅಲ್ಲಿಗೆ ಮುಗಿಯಿತು. ವಸ್ತುಸಂಗ್ರಹಾಲಯದ ಪೆಟ್ಟಿಗೆಗೆ ಹೋಗಲು ಏನೂ ಉಳಿಯುತ್ತಿರಲಿಲ್ಲ.

ಭಿಕ್ಷುವಿನ ಚೀವರ, ಶರಣೆಯ ಬೊಂತೆ

ವಸ್ತು ಉಳಿಯದಿದ್ದರೂ ಮಾತಿನಲ್ಲಿ ಕುರುಹುಗಳಿವೆ. ಬೌದ್ಧ ವಿನಯಪಿಟಕದ ಪ್ರಕಾರ ಭಿಕ್ಷುಗಳು ಕಸದ ರಾಶಿಯಲ್ಲಿ, ಮಸಣದಲ್ಲಿ ಬಿದ್ದ ಚಿಂದಿಗಳನ್ನು ಆಯ್ದು ಹೊಲಿದ ಚೀವರ ತೊಡಬಹುದಿತ್ತು. ಮಗಧದ ಭತ್ತದ ಗದ್ದೆಗಳು ಬದುಗಳಿಂದ ಪಟ್ಟಿ ಪಟ್ಟಿಯಾಗಿ ಒಡೆದು ಕಾಣುವುದನ್ನು ಬುದ್ಧ ಆನಂದನಿಗೆ ತೋರಿಸಿ, ಚೀವರವನ್ನು ಹೀಗೆ ಹೊಲಿಯಲಾದೀತೇ ಎಂದು ಕೇಳಿದನಂತೆ. ಆನಂದ ಹಾಗೆಯೇ ಹೊಲಿದು ತಂದ. ಇಂದಿಗೂ ಭಿಕ್ಷುಗಳ ಚೀವರದಲ್ಲಿ ಗದ್ದೆಯ ಆ ನಕ್ಷೆ ಉಳಿದಿದೆ. ಹೊಸ ಬಟ್ಟೆಯನ್ನೇ ದಾನವಾಗಿ ಪಡೆದರೂ ಅದನ್ನು ತುಂಡರಿಸಿ ಮತ್ತೆ ಜೋಡಿಸುತ್ತಾರೆ.

ಕನ್ನಡ ನಾಡಿನಲ್ಲಿ ಬೊಂತೆಯ ಹೆಸರನ್ನೇ ಹೊತ್ತ ಶರಣೆಯೊಬ್ಬಳಿದ್ದಾಳೆ. 12ನೇ ಶತಮಾನದ ಬೊಂತಾದೇವಿ ಕಾಶ್ಮೀರದ ಕಡೆಯ ರಾಜಕುಮಾರಿಯೆಂದು ಕಥೆಗಳು ಹೇಳುತ್ತವೆ. ಎಲ್ಲವನ್ನೂ ಬಿಟ್ಟು ಬತ್ತಲೆಯಾಗಿ ಹೊರಟ ಅವಳಿಗೆ ಶಿವನೇ ಬೊಂತೆಯೊಂದನ್ನು ಹೊದಿಸಿದನೆಂದೂ ಅದರಿಂದಲೇ ಆ ಹೆಸರು ಬಂತೆಂದೂ ಪ್ರತೀತಿ. ದೇವರು ಕೊಟ್ಟದ್ದು ಪೀತಾಂಬರವಲ್ಲ, ಬೊಂತೆ ಎಂಬುದನ್ನು ಗಮನಿಸಬೇಕು. ಅದೇ ಕಾಲದ ವಚನಕಾರರಲ್ಲಿ ನೂಲುವ ಕದಿರ ರೆಮ್ಮವ್ವೆ, ಹೊಲಿಗೆಯ ಸೂಜಿಕಾಯಕದ ರಾಮಿತಂದೆ ಇದ್ದರು. ಕಾಯಕವೆಂದು ಹೆಸರು ಪಡೆದ ಆ ಕೆಲಸಗಳ ಪಕ್ಕದಲ್ಲಿ ಕೌದಿಯ ಹೊಲಿಗೆ ಮನೆಗೆಲಸವಾಗಿಯೇ ಉಳಿಯಿತು. ಅಡುಗೆಯಂತೆ, ಕಸ ಗುಡಿಸುವುದರಂತೆ.

ಬಂಗಾಳದ ‘ಚೈತನ್ಯ ಚರಿತಾಮೃತ’ದಲ್ಲಿ ಇನ್ನೊಂದು ಪ್ರಸಂಗವಿದೆ. ಸುಲ್ತಾನನ ಮಂತ್ರಿ ಪದವಿ ತೊರೆದು ಕಾಶಿಗೆ ಬಂದ ಸನಾತನನ ಹೆಗಲ ಮೇಲೆ ಭಾವ ಕೊಟ್ಟ ಬೆಲೆಬಾಳುವ ಕಂಬಳಿಯಿತ್ತು. ಚೈತನ್ಯರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಕಂಬಳಿಯತ್ತ ಮತ್ತೆ ಮತ್ತೆ ನೋಡಿದರು. ಸನಾತನನಿಗೆ ಅರ್ಥವಾಯಿತು. ಗಂಗೆಯ ದಡದಲ್ಲಿ ಬಡವನೊಬ್ಬ ತನ್ನ ಕಾಂಥಾ ಒಗೆದು ಒಣಹಾಕಿದ್ದ. ಸನಾತನ ಕಂಬಳಿಯನ್ನು ಅವನಿಗೆ ಕೊಟ್ಟು ಕಾಂಥಾ ಕೇಳಿದ. ಇವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡನಂತೆ ಆ ಬಡವ!

ಮಾರಿದ್ದು ಉಳಿಯಿತು

ಬಂಗಾಳದ ಉದಾಹರಣೆ ಇನ್ನೊಂದು ಕಾರಣಕ್ಕೂ ಬೇಕು. 16 ಮತ್ತು 17ನೇ ಶತಮಾನಗಳಲ್ಲಿ ಪೋರ್ಚುಗೀಸ್ ವ್ಯಾಪಾರಿಗಳು ಹೂಗ್ಲಿ ದಡದ ಸಾತಗಾಂವ್ ಸೀಮೆಯಲ್ಲಿ ಕಸೂತಿಯ ಹೊದಿಕೆಗಳನ್ನು ಮಾಡಿಸಿ ಯುರೋಪಿಗೆ ಸಾಗಿಸಿದರು. ಹತ್ತಿ ಬಟ್ಟೆಯ ಮೇಲೆ ಕಾಡು ರೇಷ್ಮೆಯ ದಾರದಲ್ಲಿ ಬೇಟೆ, ಹಡಗು, ಬೈಬಲ್ಲಿನ ಕಥೆಗಳು. ಕೋಲ್ಚಾ ಎಂಬ ಈ ಹೊದಿಕೆಗಳು ಲಿಸ್ಬನ್, ಲಂಡನ್ನುಗಳ ಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಅದೇ ಬಂಗಾಳದ ಹೆಂಗಸರು ತಮ್ಮ ಮನೆಯವರಿಗಾಗಿ ಹೊಲಿದ ಕಾಂಥಾಗಳ ವಿಷಯಕ್ಕೆ ಬಂದರೆ, ಉಳಿದಿರುವುದರಲ್ಲಿ ಹೆಚ್ಚಿನವು 19ನೇ ಶತಮಾನದ ಈಚಿನವು. ಮಾರಿದ್ದು 400 ವರ್ಷ ಉಳಿಯಿತು. ಕೊಟ್ಟದ್ದು ಸವೆದು ಹೋಯಿತು.

ಸವೆಯದೆ ಉಳಿದ ಕಾಂಥಾಗಳನ್ನು ಹುಡುಕಿ ಕೂಡಿಹಾಕಿದವರಲ್ಲಿ ಐಸಿಎಸ್ ಅಧಿಕಾರಿ ಗುರುಸದಯ ದತ್ತ (1882–1941) ಪ್ರಮುಖರು. ಕೋಲ್ಕತ್ತ ಬಳಿಯ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯಕ್ಕೆ ಸೇರಿದ ಕಾಂಥಾಗಳಲ್ಲಿ ಒಂದು ಬಹಳ ಪ್ರಸಿದ್ಧ. ಮಾನದಾಸುಂದರಿ ದಾಸಿ ಎಂಬಾಕೆ ತನ್ನ ತಂದೆಗಾಗಿ ಸ್ವಂತ ಕೈಯಿಂದ ಹೊಲಿದದ್ದೆಂದು ಅದರ ಮೇಲೇ ದಾರದಲ್ಲಿ ಬರೆದಿದೆ. ಸುತ್ತ ಸಿಪಾಯಿಗಳು, ಸಾಹೇಬರು, ನಡುವೆ ತಾವರೆ. ಮಗಳು ತಂದೆಗೆ ಕೊಟ್ಟ ಈ ಹೊದಿಕೆಯನ್ನು ಆ ತಂದೆ ಹೆಚ್ಚು ಹೊದೆದಿರಲಿಕ್ಕಿಲ್ಲ. ಹೊದ್ದಿದ್ದರೆ ಅದು ಇಂದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಗುರುತು ಪರಿಚಯವಿಲ್ಲದವರಿಗೆ

ಬಂಧುಗಳಿಗೆ ಕೊಟ್ಟದ್ದರ ಪಾಡು ಇದಾದರೆ, ಮುಖ ಕಾಣದವರಿಗೆ ಕೊಟ್ಟದ್ದರ ಪಾಡೇನು? ಇದಕ್ಕೆ ಲೆಕ್ಕವಿರುವ ಉದಾಹರಣೆ ಅಮೆರಿಕದ ಅಂತರ್ಯುದ್ಧದ್ದು (1861–65). ಅಲ್ಲಿನ ಹೆಂಗಸರೂ ಬಟ್ಟೆಯ ತುಂಡು ಜೋಡಿಸಿ ಕ್ವಿಲ್ಟ್ ಎಂಬ ಹೊದಿಕೆ ಹೊಲಿಯುವುದರಲ್ಲಿ ಪಳಗಿದವರು. ಯುದ್ಧ ಶುರುವಾದಾಗ ಉತ್ತರದ ಸೈನ್ಯದ ಆಸ್ಪತ್ರೆಗಳಲ್ಲಿ ಹೊದಿಕೆಗೆ ತತ್ವಾರ. 1861ರ ಜೂನಿನಲ್ಲಿ ಸ್ಥಾಪನೆಯಾದ ಸ್ಯಾನಿಟರಿ ಕಮಿಷನ್ ಅದೇ ಅಕ್ಟೋಬರಿನಲ್ಲಿ ಹೆಂಗಸರಿಗೆ ಮನವಿ ಮಾಡಿತು: ಅಗ್ಗದ ಬಟ್ಟೆಯಾದರೂ ಸರಿ, ಸುಮಾರು 7 ಅಡಿ ಉದ್ದ, 50 ಅಂಗುಲ ಅಗಲದ ಹೊದಿಕೆಗಳು ಬೇಕು. ಮನೆಯ ಜೋಡಿಮಂಚದ ಅಳತೆಯಲ್ಲ ಅದು, ಗಾಯಾಳು ಮಲಗುವ ಕಿರಿದಾದ ಮಂಚದ ಅಳತೆ.

ಊರೂರಲ್ಲಿ ಸಂಘಗಳಾದವು. ಯುದ್ಧ ಮುಗಿಯುವಷ್ಟರಲ್ಲಿ ಉತ್ತರದ ರಾಜ್ಯಗಳಿಂದ ಸುಮಾರು 2,50,000 ಹೊದಿಕೆಗಳು ಹೋದವೆಂದು ಇತಿಹಾಸಕಾರರ ಅಂದಾಜು. ಅವುಗಳಲ್ಲಿ ಇಂದು ಖಚಿತವಾಗಿ ಗುರುತಿಸಲಾಗಿರುವುದು ಬೆರಳೆಣಿಕೆಯಷ್ಟು. ಉಳಿದವು ಕೆಸರಿನಲ್ಲಿ, ರಕ್ತದಲ್ಲಿ ಹಾಳಾದವು, ಸುಟ್ಟುಹೋದವು. ಎಷ್ಟೋ ಹೊದಿಕೆಗಳು ಸತ್ತ ಸೈನಿಕರೊಡನೆ ಮಣ್ಣಾದವು. ಕಳಿಸಿದವರು ಬಯಸಿದ್ದೂ ಅವು ಬಳಕೆಯಾಗಲಿ ಎಂದೇ.

ನಮ್ಮ ದೇಶದಲ್ಲಿ ಇಂಥ ದಾನದ ಕೆಲಸವನ್ನು ಯಂತ್ರ ಕೈಗೆತ್ತಿಕೊಂಡಿತು. ಪಾಣಿಪತ್ತಿನ ಗಿರಣಿಗಳು ಪಶ್ಚಿಮ ದೇಶಗಳಿಂದ ಬಂದ ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಮತ್ತೆ ನೂತು, ಅಗ್ಗದ ಕಂಬಳಿ ನೇಯ್ದವು. ನೆರೆ, ಭೂಕಂಪ ಎಲ್ಲೇ ಆಗಲಿ, ಪರಿಹಾರ ಸಂಸ್ಥೆಗಳು ದಶಕಗಳ ಕಾಲ ಹಂಚಿದ್ದು ಈ ಕಂಬಳಿಗಳನ್ನು. ಅದೂ ಒಂದು ಬಗೆಯ ಕೌದಿಯೇ, ಹೊಲಿದವರಿಲ್ಲದ ಕೌದಿ. 1999ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಸಂಸ್ಥೆ ಮಾತ್ರ ನಗರಗಳ ಹಳೆ ಬಟ್ಟೆ ಕೂಡಿಸಿ, ಹೆಂಗಸರಿಂದ ಸುಜನಿ ಹೊಲಿಸುವ ಹಳೆಯ ದಾರಿಯನ್ನೂ ಹಿಡಿಯಿತು. ಅದರ ಸ್ಥಾಪಕ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಯಲ್ಲಾಪುರದಿಂದ ನ್ಯೂಯಾರ್ಕಿಗೆ

ಅಮೆರಿಕದ ಮಾತು ಬಂದ ಮೇಲೆ ಅಲ್ಲಿನ ಕಪ್ಪು ಜನರ ಹೊದಿಕೆಗಳನ್ನು ಹೇಳದೆ ಬಿಡಲಾಗದು. ಅಲಬಾಮಾದ ಗೀಸ್ ಬೆಂಡ್ ಎಂಬುದು ನದಿಯ ತಿರುವಿನಲ್ಲಿರುವ ಊರು. ಗುಲಾಮರ ವಂಶಸ್ಥರಾದ ಅಲ್ಲಿನ ಹೆಂಗಸರು ಹೊಲದಲ್ಲಿ ದುಡಿದು ಸವೆದ ಬಟ್ಟೆಗಳನ್ನೇ ಜೋಡಿಸಿ ಹೊಲಿದರು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ದುಡಿಮೆಯ ಬಟ್ಟೆಗಳನ್ನು ಒಂದುಗೂಡಿಸಿದಳು. ಅವನನ್ನು ನೆನೆಯಲು, ಅದರಡಿಯಲ್ಲಿ ಮಲಗಲು. ‘ಅವ್ವನ ಸೀರಿ’ಯನ್ನು ಕೌದಿಗೆ ಹಾಕಿದ ನಮ್ಮ ಬಯಲುಸೀಮೆಯ ಹೆಂಗಸಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗೀಸ್ ಬೆಂಡ್‌ನ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆಗೇರಿದವು, 2006ರಲ್ಲಿ ಅಂಚೆಚೀಟಿಗಳಾದವು.

ಆಫ್ರಿಕ ಮೂಲದ ಜನ ಕರ್ನಾಟಕದಲ್ಲೂ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿಗಳು. ಅವರ ಪೂರ್ವಜರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಸಿದ್ದಿ ಹೆಂಗಸರ ಹೊದಿಕೆಗೆ ಕವಂದಿ ಎಂದು ಹೆಸರು. ಹೆಸರಿನಲ್ಲೂ ಹೊಲಿಗೆಯಲ್ಲೂ ಕೌದಿಯ ನೆಂಟಸ್ತಿಕೆ ಕಾಣುತ್ತದೆ. ಒಂದು ಮೂಲೆಯಿಂದ ತೊಡಗಿ, ಅಂಚಿನಗುಂಟ ತುಂಡು ತುಂಡಾಗಿ ಬಟ್ಟೆ ಇಡುತ್ತ, ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೊದಲೇ ನಕ್ಷೆ ಹಾಕಿಕೊಳ್ಳುವ ಪದ್ಧತಿಯಿಲ್ಲ. ಕೈಗೆ ಸಿಕ್ಕ ಬಣ್ಣದ ಪಕ್ಕ ಇನ್ನೊಂದು ಬಣ್ಣ. ಕೆಲವರ ಕವಂದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ಬಟ್ಟೆಗಳನ್ನು ಹೊಲಿಯಬೇಕು. ಅದಕ್ಕೆ ಹೂ ಎನ್ನುತ್ತಾರೆ. ಹೂವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಬತ್ತಲೆ. ಮೂಲೆಯ ಹೂವಿನಿಂದ ಬೆಚ್ಚಗಾಗುವುದೇನೂ ಇಲ್ಲ, ಆದರೂ ಅದು ಬೇಕು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರಿಂದ ಈ ಹೆಂಗಸರ ನಡುವೆ ಕೆಲಸ ಮಾಡಿದರು. ಹೊದಿಕೆ ಹೊಲಿದು ಮಾರಲು ಸಿದ್ದಿ ಮಹಿಳೆಯರ ಸಹಕಾರ ಸಂಘಟನೆಯೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಮೊಮ್ಮಗುವಿನ ಚಳಿಗೆಂದು ಹುಟ್ಟಿದ ಬಟ್ಟೆ ಸಾವಿರಾರು ಮೈಲಿ ದೂರದ ಗೋಡೆಯ ಮೇಲೆ ಚಿತ್ರದಂತೆ ತೂಗಿತು. ಅಲ್ಲಿ ಅದನ್ನು ಮುಟ್ಟುವಂತಿರಲಿಲ್ಲವೆಂಬುದು ಬೇರೆ ಮಾತು.

ಈಗಿನ ಕೌದಿ

ಬಯಲುಸೀಮೆಯಲ್ಲಿ ಕೌದಿಗೆ ಪೆಟ್ಟು ಬಿದ್ದದ್ದು ಹೊದಿಕೆಯ ಕಡೆಯಿಂದಲ್ಲ, ಉಡುಗೆಯ ಕಡೆಯಿಂದ. 1970ರ ನಂತರ ಟೆರಿಲಿನ್ ಅಂಗಿ, ನೈಲಾನ್ ಮತ್ತು ಪಾಲಿಯೆಸ್ಟರ್ ಸೀರೆಗಳು ಹಳ್ಳಿಗೂ ಬಂದವು. ಇವು ಬೇಗ ಹರಿಯುವುದಿಲ್ಲ. ಹರಿದರೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ. ಸೂಜಿ ನೆಟ್ಟರೆ ಜಾರುವ ಬಟ್ಟೆಯಿಂದ ಕೂಸಿಗೆ ಕೌದಿಯಾಗುವುದುಂಟೇ? ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿಗಳು ಬಾಗಿಲಿಗೆ ಬಂದದ್ದು ಇನ್ನೊಂದು ಕಾರಣ. ಕೌದಿಯ ಗಂಟು ಪಾತ್ರೆಯಾಗಿ ಅಡುಗೆಮನೆ ಸೇರಿತು. ಹೊದೆಯಲು ಸೊಲ್ಲಾಪುರದ ಚಾದರ ಸಂತೆಯಲ್ಲೇ ಸಿಕ್ಕಿತು. ಹಿಡಿದು ಕೂರುವ ನಾಲ್ವರೂ ನಾಲ್ಕು ಕಡೆ ಕೂಲಿಗೆ, ನೌಕರಿಗೆ, ಕಾಲೇಜಿಗೆ ಹೊರಟಿದ್ದರು. ಅದನ್ನು ನಷ್ಟವೆಂದು ದೂರುವುದು ಸರಿಯಲ್ಲ. ಸಂಬಳವಿಲ್ಲದ ಆ ಮಧ್ಯಾಹ್ನಗಳು ಅವರಿಗೆ ಅಷ್ಟೇನೂ ಸುಖದವಾಗಿರಲಿಲ್ಲ.

ಈಗ ಬೆಂಗಳೂರಿನ ಕರಕುಶಲ ಮಳಿಗೆಗಳಲ್ಲಿ, ಇಂಟರ್‌ನೆಟ್ ಅಂಗಡಿಗಳಲ್ಲಿ ಕೌದಿ ಮಾರಾಟಕ್ಕಿದೆ. ಹೊಸ ಹತ್ತಿ ಬಟ್ಟೆಯ, ಬಣ್ಣ ಹೊಂದಿಸಿದ, ಅಂಚು ನೇರವಾಗಿರುವ ಕೌದಿ. ಕೊಳ್ಳುವವರು ಯಾರೋ ಉಟ್ಟ ಬಟ್ಟೆಯನ್ನು ಒಪ್ಪುವುದಿಲ್ಲವೆಂಬುದು ಸಹಜ. ಅದರಿಂದ ಹೊಲಿಯುವ ಹೆಂಗಸರ ಕೈಗೆ, ಜೋಳವಲ್ಲ, ಹಣ ಬರುತ್ತಿದೆ ಎಂಬುದು ಸಣ್ಣ ಸಂಗತಿಯೂ ಅಲ್ಲ. ಸಾತಗಾಂವಿನ ಕೋಲ್ಚಾಗಳಂತೆ ಇವುಗಳಲ್ಲಿ ಕೆಲವಾದರೂ ಬಹುಕಾಲ ಉಳಿದಾವು.

ಇದರ ಜೊತೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಹುಟ್ಟಿಕೊಂಡಿದ್ದಾರೆ. ತಾಯಿಯನ್ನು ಕಳೆದುಕೊಂಡ ನಗರದ ಮಕ್ಕಳು ಆಕೆಯ ಬೀರುವಿನಿಂದ ತೆಗೆದ ಹತ್ತಿ ಸೀರೆಗಳನ್ನು ಒಯ್ದು, ಕೂಲಿ ಕೊಟ್ಟು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಕೌದಿ ಹೊಲಿಸಿಕೊಳ್ಳುತ್ತಾರೆ. ಅವರಿಗೆ ಹೊಲಿಗೆ ಬಾರದು. ಹೊಲಿಯುವವಳಿಗೆ ಆ ಸೀರೆ ಉಟ್ಟವಳ ಪರಿಚಯವಿಲ್ಲ. ಯಾವ ಸೀರೆ ಮೇಲೆ ಬರಬೇಕು, ಯಾವುದು ಒಳಗೆ ಹೋಗಬೇಕು ಎಂದು ಅವಳು ಕೇಳುತ್ತಾಳೆ. ಮಕ್ಕಳು ಆಯ್ದು ಕೊಡುತ್ತಾರೆ.